ಮೇಘಶ್ರೀಯ ಎದೆಬಡಿತ

"ಇದು ನಿಮ್ಮ ಮಗಳ ಎದೆಬಡಿತ, ಕೆಂಚಪ್ಪನವರೇ."

ಇನ್ಸ್‌ಪೆಕ್ಟರ್ ಚಿತ್ರಾ ಕಾಗದದ ಸುರುಳಿಯನ್ನು ಜಗುಲಿಯ ಮೇಲೆ ಬಿಡಿಸಿಟ್ಟಳು. ಗುಲಾಬಿ ಚೌಕುಳಿಗಳ ಮೇಲೆ ಕಪ್ಪು ಗೆರೆ ಏರಿ, ಇಳಿದು, ಮತ್ತೆ ಏರಿ ಸಾಗಿತ್ತು. ಗಾಳಿಗೆ ಹಾರದಂತೆ ಒಂದು ತುದಿಯ ಮೇಲೆ ತನ್ನ ಟೋಪಿ ಇಟ್ಟಳು. ಇನ್ನೊಂದು ತುದಿಗೆ, ಅಲ್ಲೇ ಬಿದ್ದಿದ್ದ ಕೊಬ್ಬರಿ ಗಿಟುಕು.

ಕೆಂಚಪ್ಪ ಕಾಗದದ ಕಡೆ ನೋಡಲಿಲ್ಲ. ಕಂಬಕ್ಕೆ ಒರಗಿ, ಅಂಗಳದಲ್ಲಿ ರಾಶಿ ಬಿದ್ದಿದ್ದ ತೆಂಗಿನ ಮಟ್ಟೆಯನ್ನೇ ದಿಟ್ಟಿಸುತ್ತಿದ್ದ.

ಅವನ ಹಿರಿಯ ಮಗಳು ಮೇಘಶ್ರೀ ಜಾವಗಲ್ಲಿನ ಗಂಡನ ಮನೆಯಲ್ಲಿ ಮಲಗಿದವಳು ಬೆಳಿಗ್ಗೆ ಏಳದೆ ಹೋಗಿ ತಿಂಗಳಾಗಿತ್ತು. ಕೊಲೆಯೆಂದು ಕೆಂಚಪ್ಪ ಕೊಟ್ಟ ದೂರಿನ ಮೇಲೆ ಜೈಲು ಸೇರಿದ್ದ ಅಳಿಯ ಚೇತನ್‌ಕುಮಾರ್, ಇದೇ ಕಾಗದದ ಬಲದಿಂದ ನಿನ್ನೆ ಜಾಮೀನು ಪಡೆದು ಹೊರಬಂದಿದ್ದ.

"ಹಾಸನದ ಹೃದಯದ ಆಸ್ಪತ್ರೇಲಿ ಎದೆಗೆ ಒಂದು ಸಣ್ಣ ಯಂತ್ರ ಅಂಟಿಸಿ ಕಳಿಸ್ತಾರೆ," ಚಿತ್ರಾ ಹೇಳಿದಳು. "ಒಂದು ಹಗಲು, ಒಂದು ರಾತ್ರಿ ಮೈಮೇಲೇ ಇರುತ್ತೆ. ಕೆಲಸ ಮಾಡುವಾಗ, ಮಲಗಿದಾಗ ಹೃದಯ ಹೇಗೆ ಬಡಿಯುತ್ತೆ ಅಂತ ಎಲ್ಲಾ ಬರ್ಕೊಳ್ಳುತ್ತೆ. ಅದನ್ನ ಓದಿದ ಡಾಕ್ಟರ್ ಬಿಂದುಶ್ರೀ ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಹೇಳಿದ್ರಂತೆ. ಈ ಹುಡುಗಿ ಪ್ರಾಣಕ್ಕೆ ಯಾವತ್ತು ಬೇಕಾದ್ರೂ ಅಪಾಯ ಇದೆ, ಮಾತ್ರೆ ತಪ್ಪಿಸಬೇಡಿ ಅಂತ. ಹೌದೋ ಅಲ್ವೋ?"

"ಹೌದು."

"ಗೊತ್ತಿದ್ದೂ ಅಳಿಯನ ಮೇಲೆ ಕೊಲೆ ಕೇಸು ಕೊಟ್ರಿ."

"ಕೊಟ್ಟೆ."

"ಯಾಕೆ?"

ಕೆಂಚಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಲಲ್ಲಿ ಹಾಕಿಕೊಂಡ. "ಬರ್ಕಳಿ ಮೇಡಂ. ಕಾಯ್ಲೆ ಮುಚ್ಚಿಟ್ಟ ಅಂತ ಬರ್ಕಳಿ. ಸುಳ್ಳು ದೂರು ಕೊಟ್ಟ ಅಂತ್ಲೂ ಬರ್ಕಳಿ. ಎಲ್ಲಿ ರುಜು ಹಾಕಬೇಕೋ ತೋರ್ಸಿ."

"ಜೈಲಾಗುತ್ತೆ."

"ಆಗ್ಲಿ."

ಸುಳ್ಳು ದೂರು ಕೊಟ್ಟು ಸಿಕ್ಕಿಬಿದ್ದವರನ್ನು ಚಿತ್ರಾ ಬೇಕಾದಷ್ಟು ಕಂಡಿದ್ದಳು. ಅವರು ದೇವರ ಮೇಲೆ ಆಣೆ ಇಡುತ್ತಾರೆ. ಊರ ಮುಖಂಡರಿಂದ ಫೋನ್ ಮಾಡಿಸುತ್ತಾರೆ. ಇಲ್ಲವೇ ಎದೆ ಹಿಡಿದುಕೊಂಡು ಕೂತುಬಿಡುತ್ತಾರೆ. ಈ ಮನುಷ್ಯ ಹಾಗೇನೂ ಮಾಡಲಿಲ್ಲ. ತಪ್ಪು ಒಪ್ಪಿಕೊಂಡು ಬೇಗ ಮುಗಿಸಿಬಿಟ್ಟರೆ ಸಾಕು ಎನ್ನುವ ಆತುರ ಅವನಲ್ಲಿತ್ತು.

ಅದು ಅವಳಿಗೆ ಹಿಡಿಸಲಿಲ್ಲ.

ಹೆಂಡತಿ ಮಾದಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಿತ್ರಾ ಮೊದಲ ಸಲ ಈ ಮನೆಗೆ ಬಂದಾಗ ಮಾದಮ್ಮ ಕಾಗದದ ಲೋಟದಲ್ಲಿ ಕಾಫಿ ಕೊಟ್ಟಿದ್ದಳು. ಮನೆಯವರೆಲ್ಲ ಸ್ಟೀಲ್ ಲೋಟದಲ್ಲಿ ಕುಡಿದಿದ್ದರು. ಯಾಕೆಂದು ಚಿತ್ರಾ ಕೇಳಿರಲಿಲ್ಲ. ಇಂದು ಕಾಫಿಯ ಮಾತೇ ಬರಲಿಲ್ಲ.

"ನಮ್ಮ ಮೇಘಂಗೆ ಹೃದಯದ ಕಾಯ್ಲೆ ಇತ್ತಾ?" ಮಾದಮ್ಮ ಗಂಡನನ್ನು ಕೇಳಿದಳು. "ನನಗೆ ಒಂದು ಮಾತು ಹೇಳ್ಲಿಲ್ವಲ್ಲ ನೀವು."

"ಒಳೀಕೆ ಹೋಗು."

ಆಗಲೇ ಮನೆಯ ಹಿಂದಿನಿಂದ ರೈಲು ಕೂಗಿತು.

ತೆಂಗಿನ ಸಾಲು ಮುಗಿದಲ್ಲೇ ಹಳಿ. ಬಾಣಾವರ ಸ್ಟೇಷನ್ನು ಇನ್ನೂ ಮುಂದಿದೆ. ಸಿಗ್ನಲ್ಲಿಗಾಗಿ ಕಾಯುವ ಗೂಡ್ಸ್ ಗಾಡಿ ಇಲ್ಲೇ ನಿಂತು ಹಾರ್ನ್ ಬಾರಿಸುವುದು. ಸದ್ದು ಗೋಡೆಯನ್ನು ತೂರಿಕೊಂಡು ಬಂದಂತಿತ್ತು. ಚಿತ್ರಾ ಕೂತಲ್ಲೇ ಬೆಚ್ಚಿದಳು. ಗಂಡ ಹೆಂಡತಿ ಇಬ್ಬರೂ ಕದಲಲಿಲ್ಲ. ಅವರಿಗದು ಕೇಳಿಸಿದಂತೆಯೇ ಕಾಣಲಿಲ್ಲ.

ಗಾಡಿ ದಾಟಿಹೋಗುವವರೆಗೂ ಚಿತ್ರಾ ಕಾಗದ ನೋಡುತ್ತಿದ್ದಳು.

ಗೆರೆ ಒಂದು ಕಡೆ ಶಿಸ್ತು ತಪ್ಪಿತ್ತು. ಏರಿಳಿತಗಳೆಲ್ಲ ಕಲಸಿಹೋಗಿ, ಹಗ್ಗ ಹೊಸೆದಂತೆ ತಿರುಚಿಕೊಂಡಿದ್ದವು. ಬಿಂದುಶ್ರೀ ಅಲ್ಲಿಗೆ ಕೆಂಪು ಶಾಯಿಯ ಗುಂಡು ಸುತ್ತಿದ್ದರು. ಇಂದು ಬೆಳಿಗ್ಗೆಯಷ್ಟೇ ಅವರು ಫೋನಿನಲ್ಲಿ ಹೇಳಿದ ಮಾತು ಚಿತ್ರಾಳಿಗೆ ನೆನಪಾಯಿತು.

"ಇದು ನಸುಕಿನ ಹೊತ್ತು. ಹುಡುಗಿ ಗಾಢ ನಿದ್ದೇಲಿದಾಳೆ. ಏನೋ ದೊಡ್ಡ ಸದ್ದಿಗೆ ಬೆಚ್ಚಿದಾಳೆ. ಇಂಥವರ ಹೃದಯ ಒಂದು ಸಲ ಬಡಿದ ಮೇಲೆ ಸುಧಾರಿಸಿಕೊಳ್ಳೋಕೆ ಬೇರೆಯವರಿಗಿಂತ ಹೆಚ್ಚು ಹೊತ್ತು ತಗೊಳ್ಳುತ್ತೆ. ಆ ಸಂದಿನಲ್ಲಿ ಬೆಚ್ಚಿಬಿದ್ರೆ ಬಡಿಯೋದು ಬಿಟ್ಟು ಅದುರೋಕೆ ಶುರುವಾಗುತ್ತೆ. ಅವತ್ತು ತಾನಾಗೇ ಸರಿಹೋಗಿದೆ. ಆ ಮನೆ ಹತ್ತಿರ ಏನಿದೆ ಅಂತ ಒಂದ್ಸಲ ನೋಡಿ ಮೇಡಂ."

ಜಾವಗಲ್ಲಿನ ಚೇತನ್‌ಕುಮಾರನ ಮನೆ ಚಿತ್ರಾಳಿಗೆ ಗೊತ್ತು. ಊರಾಚೆ, ಹೊಲದ ನಡುವೆ, ಅವನ ಮೆಡಿಕಲ್ ಶಾಪಿನಿಂದ ದೂರ. ನಸುಕಿನಲ್ಲಿ ಅಲ್ಲಿ ನಾಯಿ ಬೊಗಳಿದರೆ ಅದೇ ದೊಡ್ಡ ಸದ್ದು.

ಅವಳು ಚೀಲದಿಂದ ದೂರಿನ ನಕಲು ತೆಗೆದಳು.

"ಕೆಂಚಪ್ಪನವರೇ, ಇದು ನೀವೇ ಹೇಳಿ ಬರೆಸಿದ್ದು. 'ಯುಗಾದಿಯಿಂದೀಚೆಗೆ ನನ್ನ ಮಗಳನ್ನು ಒಂದು ಸಲವೂ ತವರಿಗೆ ಕಳಿಸಲಿಲ್ಲ.' ನಿಜವಾ?"

"ನಿಜ. ಅಂಗಡಿ ಬಿಟ್ಟು ಬರಕ್ಕಾಗಲ್ಲ, ಒಬ್ಬಳೇ ಯಾಕೆ ಓಗ್ತೀಯ ಅಂತಿದ್ದ."

"ಈ ಯಂತ್ರ ಕಟ್ಟಿದ್ದು ಯುಗಾದಿ ಆದ ಮೇಲೆ."

ಕೆಂಚಪ್ಪ ಮೊದಲ ಸಲ ತಲೆ ಎತ್ತಿದ.

"ಆಸ್ಪತ್ರೆಯಿಂದ ಹುಡುಗಿ ಯಂತ್ರ ಕಟ್ಟಿಸ್ಕೊಂಡು ಬಂದ ರಾತ್ರಿ ಎಲ್ಲಿ ಮಲಗಿದ್ಲು?"

ಕೆಂಚಪ್ಪನ ಕಣ್ಣು ಮತ್ತೆ ಮಟ್ಟೆಯ ರಾಶಿಗೆ ಹೋಯಿತು.

"ಆ ನಸುಕಿನಲ್ಲಿ ರೈಲು ಕೂಗಿದ್ದು ಈ ಮನೇಲಿ ಅಲ್ವಾ? ಮೇಘಶ್ರೀ ಇಲ್ಲಿ ಇರ್ಲಿಲ್ಲ. ಹಾಗಾದ್ರೆ ಈ ಮನೇಲಿ ಈ ಯಂತ್ರ ಕಟ್ಟಿಕೊಂಡು ಮಲಗಿದ್ದು ಯಾರು?"

ಮಾದಮ್ಮನ ಕೈ ಚೌಕಟ್ಟಿನಿಂದ ಜಾರಿತು. ಗಂಡ ಬಾಯಿ ಬಿಡುವ ಮೊದಲೇ ಅವಳಿಗೆ ಅರ್ಥವಾಗಿತ್ತು.

"ಅವತ್ತು ಗಾನವಿ ಸ್ನಾನ ಮಾಡ್ಬಾರ್ದು ಅಂದ್ರಿ," ಅವಳು ಮೆಲ್ಲಗೆ ಹೇಳಿದಳು. "ಕಾಲೇಜಿಂದು ಏನೋ ಪರೀಕ್ಷೆ, ಎದೆ ಮೇಲೆ ಪಟ್ಟಿ ಅಂಟಿಸವ್ರೆ ಅಂದ್ರಿ."

ಕೆಂಚಪ್ಪನ ಮುಖ ಕುಸಿಯಿತು. ಯಾರದೋ ಮನೆಯ ಸಂಗತಿ ಹೇಳುವವನ ಹಾಗೆ ಹೇಳತೊಡಗಿದ.

"ಚಿಕ್ಕೋಳು ಮೇಡಂ. ಗಾನವಿ. ಅಡುಗೆಮನೇಲಿ ಕುಕ್ಕರ್ ಸೀಟಿ ಒಡೀತು, ನಿಂತೋಳು ಅಲ್ಲೇ ಬಿದ್ಲು. ಇವಳು ತೋಟದ ತಾವ ಇದ್ಲು. ನಾನೊಬ್ನೇ ಇದ್ದೆ. ನೀರು ಚಿಮುಕಿಸ್ದೆ, ಎದ್ಲು. ಯಾರಿಗೂ ಏಳ್ಬೇಡ ಮಗಾ ಅಂದು ಆಸನದ ಆಸ್ಪತ್ರೆಗೆ ಕರ್ಕೊಂಡೋದೆ."

"ಮೇಘಶ್ರೀ ಹೆಸರು ಯಾಕೆ ಕೊಟ್ರಿ?"

"ಗಾನವಿಗೆ ಬೇಲೂರಲ್ಲಿ ಸಂಬಂಧ ಗೊತ್ತಾಗಿತ್ತು. ಒಳ್ಳೆ ಜನ. ಹುಡುಗನ ಸೋದರತ್ತೆ ಮಗ ಅದೇ ಆಸ್ಪತ್ರೇಲಿ ಚೀಟಿ ಮಾಡಿಕೊಡೋ ತಾವ ಕೆಲ್ಸಕ್ಕವ್ನೆ. ಗಾನವಿ ಅಂತ ಬರೆಸಿದ್ರೆ ಸಾಯಂಕಾಲಕ್ಕೆ ಬೇಲೂರಿಗೆ ಸುದ್ದಿ ಓಗಿರೋದು. ದೊಡ್ಡವಳ ಹೆಸರು ಇನ್ನೂ ನಮ್ಮ ರೇಷನ್ ಕಾರ್ಡಲ್ಲೇ ಇತ್ತು. ನೋಡಕ್ಕೂ ಇಬ್ರೂ ಒಂದೇ ಥರ." ಅವನು ಉಗುಳು ನುಂಗಿದ. "ಅವಳಿಗೆ ಮದುವೆ ಆಗೋಗಿತ್ತು. ಅವಳ ಹೆಸರಿಗೆ ಒಂದು ಕಾಯ್ಲೆ ಅಂಟಿದ್ರೆ ಏನು ಓಯ್ತದೆ ಅಂದ್ಕಂಡೆ."

ಚಿತ್ರಾ ತಾನೇ ಬಿಂದುಶ್ರೀಗೆ ಮೇಘಶ್ರೀಯ ಫೋಟೋ ತೋರಿಸಿದ್ದಳು. ಇವಳೇ ಎಂದು ಅವರು ಒಂದು ಗಳಿಗೆಯೂ ಅನುಮಾನಿಸದೆ ಹೇಳಿದ್ದರು. ಅಕ್ಕತಂಗಿ ಒಂದೇ ಅಚ್ಚು ಎನ್ನುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಬ್ಬರ ಫೋಟೋ ಒಯ್ಯಬೇಕೆಂದು ಹೊಳೆದಿರಲಿಲ್ಲ. ಆ ಕಾಗದವನ್ನು ನ್ಯಾಯಾಧೀಶರ ಮುಂದಿಟ್ಟು, ಇದು ಕೊಲೆಯಲ್ಲ, ಸಹಜ ಸಾವು ಎಂದು ಹೇಳಿದವಳು ಅವಳೇ.

"ಗಾನವಿಗೆ ಮಾತ್ರೆ ಕೊಡ್ತಿದೀರಾ?"

ಕೆಂಚಪ್ಪ ಟವೆಲ್ಲಿನ ಅಂಚು ಹೊಸೆದ.

"ಶುರೂನಲ್ಲಿ ಕೊಟ್ಟೆ. ರಕ್ತ ಕಮ್ಮಿ ಐತೆ, ಅದಕ್ಕೆ ಅಂತ ಏಳಿ ಕೊಟ್ಟೆ. ಮಂಕಾಗಿ ಕೂತ್ಕಳೋಳು. ಬೇಲೂರಿನ ಬೀಗ್ತಿ ನೋಡಕ್ಕೆ ಬಂದಾಗ, ಹುಡುಗಿ ಯಾಕೆ ಇಷ್ಟು ಸಪ್ಪಗವ್ಳೆ ಅಂದ್ರು. ಮದುವೆ ಕಳೀಲಿ, ಆಮ್ಯಾಕೆ ಕೊಡಾನ ಅಂತ ನಿಲ್ಲಿಸ್ಬುಟ್ಟೆ."

"ಇದು ಯಾರಿಗೆ ಗೊತ್ತು?"

"ನಿಲ್ಲಿಸಿದ್ದಾ? ಯಾರಿಗೂ ಗೊತ್ತಿಲ್ಲ. ಅವಳೂ ಮಾತ್ರೆ ಮುಗೀತು ಅಂದ್ಕಂಡವ್ಳೆ."

ಮಾದಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ದಿನಾ ಬೆಳಿಗ್ಗೆ ಅವಳ್ನ ಕೂಗಿ ಕೂಗಿ ಎಬ್ಬಿಸ್ತೀನಲ್ರೀ ನಾನು," ಎಂದಳು. "ಏಳ್ಲಿಲ್ಲ ಅಂದ್ರೆ ತಲೆ ತಾವ ತಟ್ಟೆ ಬಡೀತೀನಿ."

ಚಿತ್ರಾ ಎದ್ದು ಅಂಗಳಕ್ಕೆ ಇಳಿದಳು. ಬಿಂದುಶ್ರೀಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿದಳು.

"ಹಾಗಾದ್ರೆ ಸತ್ತ ಹುಡುಗಿ ಹೃದಯ ಚೆನ್ನಾಗಿತ್ತಾ ಡಾಕ್ಟ್ರೇ?"

"ಹಾಗೂ ಹೇಳೋಕಾಗಲ್ಲ. ಇದು ರಕ್ತಸಂಬಂಧದಲ್ಲಿ ಬರೋದು. ತಂಗಿಗಿದ್ರೆ ಅಕ್ಕನಿಗೂ ಇರಬಹುದು, ಇಲ್ಲದೇನೂ ಇರಬಹುದು. ಅರ್ಧಕ್ಕರ್ಧ."

"ಪೋಸ್ಟ್‌ಮಾರ್ಟಂನಲ್ಲಿ ಏನೂ ಸಿಕ್ಕಿಲ್ಲ."

"ಸಿಗೋದೂ ಇಲ್ಲ. ನಿಂತುಹೋದ ಹೃದಯ ಕೊಯ್ದು ನೋಡಿದ್ರೆ ಎಲ್ಲಾ ಸರಿಯಾಗೇ ಇರುತ್ತೆ. ಬಡೀತಾ ಇದ್ದಾಗ ಬರ್ಕೊಂಡ್ರೆ ಮಾತ್ರ ಗೊತ್ತಾಗೋದು. ಆ ಹುಡುಗೀದನ್ನ ಯಾರೂ ಬರ್ಕೊಂಡೇ ಇಲ್ವಲ್ಲ." ಬಿಂದುಶ್ರೀಯ ದನಿ ಬದಲಾಯಿತು. "ಮೇಡಂ, ಸತ್ತವಳ ವಿಷಯ ಆಮೇಲೆ. ಬದುಕಿರೋಳನ್ನ ಈಗಲೇ ಕರ್ಕೊಂಡು ಬನ್ನಿ. ಮಾತ್ರೆ ನಿಂತು ಇಷ್ಟು ದಿನ ಆಗಿದೆ ಅಂದ್ರೆ ನನಗೆ ಭಯ ಆಗ್ತಿದೆ. ಬೇರೆ ಯಾವ ಮಾತ್ರೇನೂ ಕೊಡೋಕೆ ಬಿಡಬೇಡಿ. ಗಂಟಲುನೋವಿಗೆ, ವಾಂತಿಗೆ ಅಂಗಡೀಲಿ ಕೊಡ್ತಾರಲ್ಲ, ಅವುಗಳಲ್ಲೇ ಕೆಲವು ಇಂಥ ಹೃದಯಕ್ಕೆ ವಿಷ ಇದ್ದ ಹಾಗೆ."

ಅಂಗಡಿ ಎಂಬ ಮಾತು ಚಿತ್ರಾಳ ಕಿವಿಯಲ್ಲಿ ಉಳಿಯಿತು.

ಅವಳು ಜಗುಲಿಗೆ ವಾಪಸ್ಸು ಬಂದಳು. "ಆಸ್ಪತ್ರೇಲಿ ಯಾರ ಫೋನ್ ನಂಬರ್ ಕೊಟ್ರಿ?"

"ಕಾರ್ಡಿನ ಜೊತೆಗಿದ್ದದ್ದು ಮೇಘಂದೇ. ಅದನ್ನೇ ಒತ್ಕಂಡ್ರು."

"ರಿಪೋರ್ಟ್ ಅವಳ ಫೋನಿಗೆ ಹೋಯ್ತು."

ಕೆಂಚಪ್ಪ ತಲೆಯಾಡಿಸಿದ. "ಓದ್ಕಂಡು ಫೋನ್ ಮಾಡಿದ್ಲು. ಅಪ್ಪಾ, ನನ್ನ ಹೆಸರಲ್ಲಿ ಯಾರ ಎದೆ ತೋರಿಸ್ದೆ ಅಂದ್ಲು. ಅವಳು ಮೊದ್ಲಿಂದ್ಲೂ ಚುರುಕು. ಗಾನವಿಗೆ ಏಳು, ಬೇಲೂರಿನವರಿಗೂ ಏಳು, ಇಲ್ದಿದ್ರೆ ನಾನೇ ಓಗಿ ಏಳ್ತೀನಿ ಅಂದ್ಲು. ನಾನು ಬೈದೆ. ನಿನಗೆ ತಂಗಿ ಮೇಲೆ ಹೊಟ್ಟೆಕಿಚ್ಚು ಅಂದೆ. ಆಮ್ಯಾಕೆ ಅವಳು ಎಷ್ಟು ಸಲ ಮಾಡಿದ್ರೂ ನಾನು ಎತ್ತಲಿಲ್ಲ. ಅದೇ ವಾರ ಜಾವಗಲ್ಲಿಂದ ಸುದ್ದಿ ಬಂತು."

"ಬೇಲೂರಿಗೆ ಹೇಳ್ತೀನಿ ಅಂದಿದ್ಲು. ಅವಳ ಬಾಯಿ ಮುಚ್ಚಬೇಕಾಗಿದ್ದದ್ದು ನಿಮಗೆ."

ಆ ಮಾತಿಗೆ ಅವನು ಕೆರಳಲಿಲ್ಲ. ಬೇಸರವನ್ನೂ ತೋರಿಸಲಿಲ್ಲ.

"ನೀವು ಅಂಗೆ ಅಂದ್ಕಂಡ್ರೂ ಸೈ. ಅವಳ ಎದೆ ಗಟ್ಟಿ ಅಂತ ನಾನು ನಂಬಿದ್ದೆ ಮೇಡಂ. ಗಟ್ಟಿ ಎದೆ ಹುಡುಗಿ ಮಲಗಿದಲ್ಲೇ ಸಾಯ್ತಾಳಾ? ಅವನೇ ಏನೋ ಮಾಡವ್ನೆ ಅಂತ ದೂರು ಕೊಟ್ಟೆ. ಅವನು ಈ ಕಾಗದ ಮುಂದಿಟ್ಟ. ಇದು ಅವಳದಲ್ಲ ಅನ್ನಕ್ಕೆ ನನಗೆ ಬಾಯಿಲ್ಲ. ಅಂದ್ರೆ ಚಿಕ್ಕೋಳ ಬದುಕು ಓಯ್ತದೆ. ಇದ್ದ ಒಬ್ಬಳಾದ್ರೂ ಒಂದು ಮನೆ ಸೇರ್ಲಿ ಅಂತ ಸತ್ತವಳ್ನ ಬಿಟ್ಟುಕೊಟ್ಟೆ."

ಚಿತ್ರಾ ಕಾಗದ ಸುತ್ತತೊಡಗಿದಳು. ಬೆರಳು ಅರ್ಧದಲ್ಲಿ ನಿಂತಿತು.

ಅವನು ಈ ಕಾಗದ ಮುಂದಿಟ್ಟ.

ಹೌದು. ಹಾಸನದ ಆಸ್ಪತ್ರೆಯ ದಾರಿ ತೋರಿಸಿದ್ದು ಚೇತನ್‌ಕುಮಾರನೇ. ಲಾಕಪ್ಪಿನಲ್ಲಿ ಕಂಬಿ ಹಿಡಿದುಕೊಂಡು ಅತ್ತಿದ್ದ. "ಅವಳ ಹೃದಯ ಸರಿ ಇರ್ಲಿಲ್ಲ ಮೇಡಂ, ಹಾಸನದಲ್ಲಿ ಕೇಳಿ," ಎಂದಿದ್ದ. ಹೆಂಡತಿಯ ಫೋನಿನಲ್ಲಿ ರಿಪೋರ್ಟು ನೋಡಿರಬಹುದು. ನೋಡಿ, ಅವಳು ತನಗೆ ಗೊತ್ತಿಲ್ಲದೆ ತೋರಿಸಿಕೊಂಡಿದ್ದಾಳೆ ಎಂದು ನಿಜವಾಗಿ ನಂಬಿರಬಹುದು. ಅಮಾಯಕ ಗಂಡನೊಬ್ಬ ಹಾಗೆ ನಂಬುವುದು ಸಹಜವೇ.

ಆದರೆ ಅವನು ಔಷಧಿ ಮಾರುವವನು. ಯಾವ ಮಾತ್ರೆ ಏನು ಮಾಡುತ್ತದೆಂದು ತಿಳಿದವನು. ಈ ಹೆಣ್ಣು ಯಾವತ್ತು ಬೇಕಾದರೂ ಸಾಯಬಹುದು ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಕಾಗದ ಹೆಂಡತಿಯ ಹೆಸರಿನಲ್ಲೇ ಬಂದು ಬಿದ್ದಿತ್ತು. ಆಮೇಲೆ ಅವಳು ಹೇಗೆ ಸತ್ತರೂ ಯಾರೂ ಕೇಳುವಂತಿರಲಿಲ್ಲ.

ಕೆಂಚಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಹೇಳದೆ ಬಿಟ್ಟದ್ದು ಅವನಿಗೂ ನಿಧಾನವಾಗಿ ತಿಳಿಯಿತು.

"ನನ್ನ ಸುಳ್ಳೇ ಅವನಿಗೆ ಆಸರೆ ಆಯ್ತಾ ಮೇಡಂ?"

"ಗೊತ್ತಿಲ್ಲ," ಚಿತ್ರಾ ಹೇಳಿದಳು. ಅದಕ್ಕಿಂತ ಹೆಚ್ಚಿನ ಸಮಾಧಾನ ಅವಳ ಬಳಿ ಇರಲಿಲ್ಲ. ಅವನ ಸುಳ್ಳಿಗೆ ಕೋರ್ಟಿನ ಮುದ್ರೆ ಒತ್ತಿಸಿದವಳು ಅವಳು. "ಮೊದಲು ಗಾನವೀನ ಕರೀರಿ. ಜೋರಾಗಿ ಕೂಗಬೇಡಿ. ಜೀಪಲ್ಲೇ ಹಾಸನಕ್ಕೆ ಹೋಗೋಣ."

ಕೆಂಚಪ್ಪ ಹೆಂಡತಿಯ ಕಡೆ ತಿರುಗಿದ. "ಎಲ್ಲವ್ಳೆ? ತೋಟಕ್ಕೋದ್ಲಾ?"

ಮಾದಮ್ಮ ಹೊಸ್ತಿಲಿನಿಂದ ಏಳಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ನೀವು ಮಟ್ಟೆ ಮಾರಕ್ಕೆ ಅರಸೀಕೆರೆಗೆ ಓಗಿದ್ರಲ್ಲ ಬೆಳಿಗ್ಗೆ, ಆಗ ಚೇತನ ಬಂದಿದ್ದ," ಎಂದಳು. "ಬಾಗಿಲಲ್ಲಿ ನಿಂತು ಕೈ ಮುಗಿದ. ಅತ್ತೆ, ಮೇಘ ಪಾಠ ಹೇಳ್ತಿದ್ದ ಹಳೇಬೀಡಿನ ಸ್ಕೂಲಲ್ಲಿ ಅವಳ ಸೀರೆ, ಪುಸ್ತಕ, ಮಕ್ಕಳು ಕೊಟ್ಟಿದ್ದ ಸಾಮಾನು ಎಲ್ಲಾ ಅಂಗೇ ಐತೆ. ನನ್ನ ಕೈಲಿ ಮುಟ್ಟಕ್ಕಾಗಲ್ಲ, ಗಾನವಿ ಬಂದು ಎತ್ತಿಕೊಡ್ಲಿ ಅಂತ ಅತ್ತ."

"ಕಳಿಸಿಬಿಟ್ಯಾ?"

"ಅವಳೇ ಓಯ್ತೀನಿ ಅಂದ್ಲು. ಅಕ್ಕನ ಸಾಮಾನಲ್ವಾ." ಮಾದಮ್ಮ ಚಿತ್ರಾಳ ಕಡೆ ಕಣ್ಣೆತ್ತಿದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. "ನೀವೇ ಏಳಿದ್ರಲ್ಲವ್ವಾ ಕೋರ್ಟಲ್ಲಿ, ಅವನದೇನೂ ತಪ್ಪಿಲ್ಲ ಅಂತ. ಪೊಲೀಸಿನವ್ರೇ ಅಂದ ಮ್ಯಾಕೆ ನಾನು ಇನ್ನೇನು ಅನ್ಲಿ?"

ಚಿತ್ರಾ ಆಗಲೇ ಗಾನವಿಯ ನಂಬರ್ ಒತ್ತಿದ್ದಳು. ಕೆಂಚಪ್ಪನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಆ ಕಡೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು.

"ಹೇಳಿ ಮೇಡಂ." ಚೇತನ್‌ಕುಮಾರನ ದನಿ. ಆಯಾಸವಿತ್ತು, ಗಾಬರಿ ಇರಲಿಲ್ಲ.

"ಎಲ್ಲಿದೀರ?"

"ಹಳೇಬೀಡು ದಾಟಿದೀವಿ."

"ಬಾಣಾವರಕ್ಕೆ ಬರೋ ದಾರಿ ಅದಲ್ಲ. ಗಾನವಿಗೆ ಫೋನ್ ಕೊಡಿ."

"ಮಲಗಿದಾಳೆ, ಹಿಂದಿನ ಸೀಟಲ್ಲಿ. ಅಕ್ಕನ ಸಾಮಾನು ನೋಡಿ ಅತ್ತೂ ಅತ್ತೂ ತಲೆ ಸುತ್ತುತ್ತೆ ಅಂದ್ಲು. ಮಾತ್ರೆ ಕೊಟ್ಟಿದೀನಿ."

ಕೆಂಚಪ್ಪ ಕಂಬ ಹಿಡಿದುಕೊಂಡು ಎದ್ದು ನಿಂತ.

"ಯಾವ ಮಾತ್ರೆ?" ಚಿತ್ರಾ ಕೇಳಿದಳು.

ಕಾರಿನ ಎಂಜಿನ್ ಸದ್ದು ಮಾತ್ರ ಕೇಳುತ್ತಿತ್ತು.

"ಚೇತನ್, ಗಾಡಿ ನಿಲ್ಲಿಸಿ. ಯಾವ ಮಾತ್ರೆ ಕೊಟ್ರಿ?"

"ಮಾವ ಅಲ್ಲೇ ಇದಾರಾ ಮೇಡಂ? ಅವರನ್ನೇ ಕೇಳಿ. ನಿಲ್ಲಿಸಿದ್ದು ಯಾವ ಮಾತ್ರೆ ಅಂತ ಅವರಿಗೇ ಚೆನ್ನಾಗಿ ಗೊತ್ತು."

ಫೋನು ಕಟ್ಟಾಯಿತು. ಚಿತ್ರಾ ಮತ್ತೆ ಒತ್ತಿದಳು. ಸ್ವಿಚ್ ಆಫ್.

ಕೆಂಚಪ್ಪ ಚಿತ್ರಾಳನ್ನಲ್ಲ, ಹೆಂಡತಿಯನ್ನೂ ಅಲ್ಲ, ಆ ಫೋನನ್ನೇ ನೋಡುತ್ತಿದ್ದ.

"ಮಾತ್ರೆ ನಿಲ್ಲಿಸಿದ್ದು ನಾನು ಮೇಘಂಗೂ ಏಳಿರ್ಲಿಲ್ಲ ಮೇಡಂ," ಎಂದ. "ಇವನಿಗೆ ಎಂಗೆ ಗೊತ್ತಾಯ್ತು?"